ಟೈಮಿಂಗ್ ಬೆಲ್ಟ್: ಹೊಸದನ್ನು ಆರಿಸುವ ಮುನ್ನ

ವಿಜಯಪುರ ನಗರದಿಂದ ಅಥಣಿಯ ಕಡೆಗೆ ಹೋಗುವ ರಸ್ತೆಯಲ್ಲಿ ಸುಮಾರು 20 ಕಿಲೋಮೀಟರ್ ಸಾಗಿದರೆ ತಿಕೋಟಾ ಸಿಗುತ್ತದೆ. ನಗರದ ನೈಋತ್ಯಕ್ಕೆ ಅದಕ್ಕಿಂತ ತುಸು ಹೆಚ್ಚು ದೂರದಲ್ಲಿ ಬಬಲೇಶ್ವರ ಇದೆ. ಎರಡೂ ಈಗ ತಾಲ್ಲೂಕು ಕೇಂದ್ರಗಳು. ದ್ರಾಕ್ಷಿ ತೋಟಗಳಿಗೂ ಒಣದ್ರಾಕ್ಷಿಗೂ ಹೆಸರಾದ ಈ ಭಾಗದಲ್ಲಿ ಕೆಎ-28 ಫಲಕ ಹೊತ್ತ ಕಾರುಗಳು ಬೆಳಗಿನಿಂದ ಸಂಜೆಯವರೆಗೆ ಓಡಾಡುತ್ತಿರುತ್ತವೆ. ಕೆಲವು ಬಾಡಿಗೆಯವು, ಕೆಲವು ಮನೆಯವು. ಕೈಯಿಂದ ಕೈಗೆ ಬಂದ ಹಳೆಯ ಕಾರುಗಳೂ ಅವುಗಳಲ್ಲಿ ಸೇರಿವೆ. ಇಂಥ ಕಾರೊಂದರ ದುಡಿಮೆಯ ಮೇಲೆ ಒಂದು ಮನೆಯ ಒಲೆ ಉರಿಯುತ್ತಿರುವುದೂ ಉಂಟು.

ವಿದ್ಯಾರ್ಥಿ ಮಿತ್ರರೆ, ಈ ಕಾರುಗಳಲ್ಲಿ ಹಲವುಗಳ ಎಂಜಿನ್ನಿನ ಪಕ್ಕದಲ್ಲಿ, ಮುಚ್ಚಳದ ಹಿಂದೆ, ಹೊರಗಿನವರ ಕಣ್ಣಿಗೆ ಕಾಣದ ಒಂದು ರಬ್ಬರ್ ಪಟ್ಟಿ ಸುತ್ತುತ್ತಿರುತ್ತದೆ. ಅದೇ ಟೈಮಿಂಗ್ ಬೆಲ್ಟ್. ಎಂಜಿನ್ನಿನ ಒಟ್ಟು ಬೆಲೆಯ ಮುಂದೆ ಅದರ ಬೆಲೆ ಬಹಳ ಕಡಿಮೆ. ಆದರೆ ಅದು ತುಂಡಾದರೆ ಇಡೀ ಎಂಜಿನ್ನನ್ನೇ ಬಿಚ್ಚಬೇಕಾದ ಪರಿಸ್ಥಿತಿ ಬರಬಹುದು. ಆದ್ದರಿಂದ ಹಳೆಯ ಬೆಲ್ಟನ್ನು ಯಾವಾಗ ತೆಗೆಯಬೇಕು, ಅದರ ಜಾಗಕ್ಕೆ ಎಂಥ ಬೆಲ್ಟನ್ನು ತರಬೇಕು ಎಂಬುದು ಮೆಕ್ಯಾನಿಕ್ ಒಬ್ಬನೇ ತಿಳಿಯಬೇಕಾದ ವಿಷಯವಲ್ಲ. ಮನೆಯಲ್ಲಿ ಓದು ಬಲ್ಲ ಮಕ್ಕಳೂ ತಿಳಿದಿರಬೇಕಾದದ್ದು. ಏಕೆಂದರೆ ಈ ಆಯ್ಕೆಗೆ ಬೇಕಾದದ್ದು ಓದುವ ಕಣ್ಣು ಮತ್ತು ಸ್ವಲ್ಪ ಗಣಿತ.

ಬೆಲ್ಟಿನ ಕೆಲಸವೇನು?

ಕಾರುಗಳ ಪೆಟ್ರೋಲ್ ಮತ್ತು ಡೀಸೆಲ್ ಎಂಜಿನ್ನುಗಳು ನಾಲ್ಕು ಹೊಡೆತಗಳ ಎಂಜಿನ್ನುಗಳು ಎಂದು ನೀವು ಪಾಠದಲ್ಲಿ ಓದಿದ್ದೀರಿ. ಪಿಸ್ಟನ್ ಕೆಳಗಿಳಿದು ಗಾಳಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಮೇಲೇರಿ ಅದನ್ನು ಒತ್ತುತ್ತದೆ. ಇಂಧನ ಉರಿದಾಗ ಆ ಬಲಕ್ಕೆ ಮತ್ತೆ ಕೆಳಗಿಳಿಯುತ್ತದೆ. ಕೊನೆಗೆ ಮೇಲೇರಿ ಹೊಗೆಯನ್ನು ಹೊರದೂಡುತ್ತದೆ. ಈ ನಾಲ್ಕು ಹೊಡೆತಗಳು ಮುಗಿಯುವಷ್ಟರಲ್ಲಿ ಪಿಸ್ಟನ್ನಿಗೆ ಜೋಡಿಸಿರುವ ಕ್ರ್ಯಾಂಕ್ ಶಾಫ್ಟ್ ಎರಡು ಸುತ್ತು ತಿರುಗಿರುತ್ತದೆ.

ಗಾಳಿ ಒಳಬರುವ ದಾರಿಗೂ ಹೊಗೆ ಹೊರಹೋಗುವ ದಾರಿಗೂ ವಾಲ್ವುಗಳು, ಅಂದರೆ ಕವಾಟಗಳು ಇರುತ್ತವೆ. ನಾಲ್ಕು ಹೊಡೆತಗಳಲ್ಲಿ ಪ್ರತಿಯೊಂದು ವಾಲ್ವೂ ಒಮ್ಮೆ ಮಾತ್ರ ತೆರೆಯಬೇಕು. ಅವುಗಳನ್ನು ಒತ್ತಿ ತೆರೆಯುವುದು ಎಂಜಿನ್ನಿನ ತಲೆಯ ಮೇಲಿರುವ ಕ್ಯಾಮ್ ಶಾಫ್ಟ್ ಎಂಬ ಉಬ್ಬುಗಳುಳ್ಳ ದಂಡ. ಎಂದರೆ, ಕ್ರ್ಯಾಂಕ್ ಶಾಫ್ಟ್ ಎರಡು ಸುತ್ತು ಸುತ್ತಿದಾಗ ಕ್ಯಾಮ್ ಶಾಫ್ಟ್ ಸರಿಯಾಗಿ ಒಂದು ಸುತ್ತು ಸುತ್ತಬೇಕು. ಹೆಚ್ಚೂ ಕೂಡದು, ಕಡಿಮೆಯೂ ಕೂಡದು. ಕೆಳಗಿನ ದಂಡದ ಚಲನೆಯನ್ನು ಮೇಲಿನ ದಂಡಕ್ಕೆ ಇದೇ ಲೆಕ್ಕದಲ್ಲಿ ಮುಟ್ಟಿಸುವುದು ಟೈಮಿಂಗ್ ಬೆಲ್ಟಿನ ಕೆಲಸ. ಕೆಲವು ಎಂಜಿನ್ನುಗಳಲ್ಲಿ ಇದೇ ಬೆಲ್ಟು ಡೀಸೆಲ್ ಪಂಪನ್ನೋ ನೀರಿನ ಪಂಪನ್ನೋ ಕೂಡ ತಿರುಗಿಸುತ್ತದೆ.

ಎಂಜಿನ್ನು ನಿಮಿಷಕ್ಕೆ 3,000 ಸುತ್ತು ತಿರುಗುತ್ತಿದೆ ಎಂದಿಟ್ಟುಕೊಳ್ಳಿ. ಸೆಕೆಂಡಿಗೆ 50 ಸುತ್ತು ಆಯಿತು. ಹಾಗಾದರೆ ಪ್ರತಿ ವಾಲ್ವೂ ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತದೆ. ಈ ವೇಗದಲ್ಲಿ ತಾಳ ತಪ್ಪದಂತೆ ನೋಡಿಕೊಳ್ಳುವುದು ಸುಮಾರು ಎರಡು ಬೆರಳಗಲದ, ಕೆಲವು ಕಾರುಗಳಲ್ಲಿ ಅದಕ್ಕಿಂತಲೂ ಕಿರಿದಾದ, ಒಂದು ಪಟ್ಟಿ.

ಹಲ್ಲುಗಳು ಏಕೆ ಬೇಕು?

ಜೋಳ ಬೀಸುವ ಗಿರಣಿಯ ಚಪ್ಪಟೆ ಪಟ್ಟಿಯನ್ನು ನೀವು ನೋಡಿರಬಹುದು. ಭಾರ ಹೆಚ್ಚಾದಾಗ ಅದು ಚಕ್ರದ ಮೇಲೆ ಸ್ವಲ್ಪ ಜಾರುತ್ತದೆ. ಜಾರಿದರೂ ದೊಡ್ಡ ನಷ್ಟವಿಲ್ಲ. ಹಿಟ್ಟು ಬೀಳುವುದು ತುಸು ತಡವಾಗುತ್ತದೆ, ಅಷ್ಟೆ. ಆದರೆ ಎಂಜಿನ್ನಿನಲ್ಲಿ ಜಾರುವಂತಿಲ್ಲ. ಅದಕ್ಕಾಗಿಯೇ ಟೈಮಿಂಗ್ ಬೆಲ್ಟಿನ ಒಳಮೈಗೆ ಹಲ್ಲುಗಳಿರುತ್ತವೆ. ಅವು ಚಕ್ರದ ಹಲ್ಲುಗಳ ನಡುವೆ ಒಂದೊಂದಾಗಿ ಕೂಡುತ್ತವೆ.

ಹಲ್ಲಿನ ಬೆಲ್ಟು ಮೊದಲು ಹುಟ್ಟಿದ್ದು ಕಾರಿಗಾಗಿ ಅಲ್ಲ. 1940ರ ದಶಕದಲ್ಲಿ ಅಮೆರಿಕದಲ್ಲಿ ಹೊಲಿಗೆ ಯಂತ್ರಕ್ಕಾಗಿ ಇದನ್ನು ರೂಪಿಸಿದರು. ಮೇಲಿನ ಸೂಜಿಗೂ ಕೆಳಗಿನ ದಾರದ ಕೊಂಡಿಗೂ ಹೊಂದಾಣಿಕೆ ತಪ್ಪಿದರೆ ಹೊಲಿಗೆ ಬೀಳುವುದಿಲ್ಲವಲ್ಲ! ಮುಂದೆ 1962ರಲ್ಲಿ ಜರ್ಮನಿಯ ಗ್ಲಾಸ್ 1004 ಎಂಬ ಕಾರಿನಲ್ಲಿ ಇಂಥ ಬೆಲ್ಟು ಕ್ಯಾಮ್ ಶಾಫ್ಟನ್ನು ತಿರುಗಿಸಿತು. ನಮ್ಮ ದೇಶದಲ್ಲಿ ಇದು ಮನೆಮನೆಗೆ ಬಂದದ್ದು 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಮಾರುತಿ 800ರ ಜೊತೆಗೆ. ಅದಕ್ಕೂ ಮೊದಲಿನ ಅಂಬಾಸಿಡರ್ ಕಾರಿನಲ್ಲಿ ಈ ಕೆಲಸಕ್ಕೆ ಉಕ್ಕಿನ ಸರಪಳಿ ಇತ್ತು. ಬೆಲ್ಟು ಹಗುರ, ಸದ್ದು ಕಡಿಮೆ, ಅದಕ್ಕೆ ಎಣ್ಣೆ ಬೇಡ. ಆದರೆ ರಬ್ಬರಿಗೆ ಒಂದು ಆಯುಸ್ಸು ಇದೆ ಎಂಬುದನ್ನು ಮರೆಯುವಂತಿಲ್ಲ.

ಬೆಲ್ಟಿನಲ್ಲಿ ಮೂರು ಭಾಗಗಳಿರುತ್ತವೆ. ಬೆನ್ನಿಗೂ ಹಲ್ಲಿಗೂ ಕೃತಕ ರಬ್ಬರು. ಅದರೊಳಗೆ ಉದ್ದಕ್ಕೂ ಹಾಯ್ದ ಗಾಜಿನ ನಾರಿನ ಸಣ್ಣ ಹುರಿಗಳು. ಹಲ್ಲುಗಳ ಮೇಲೆ ಸವೆತ ತಡೆಯುವ ನೈಲಾನ್ ಬಟ್ಟೆ. ಎಳೆತವನ್ನೆಲ್ಲ ತಾಳುವುದು ಗಾಜಿನ ನಾರು. ಗಾಜು ಎಳೆದರೆ ಹಿಗ್ಗುವುದಿಲ್ಲ. ಆದ್ದರಿಂದ ಬೆಲ್ಟಿನ ಉದ್ದ ಬದಲಾಗುವುದಿಲ್ಲ. ಆದರೆ ಮಡಚಿದರೆ ಮುರಿಯುತ್ತದೆ. ಈ ಎರಡು ಗುಣಗಳನ್ನು ನೆನಪಿಡಿ, ಮುಂದೆ ಬೇಕಾಗುತ್ತವೆ.

ತುಂಡಾದರೆ ಏನಾಗುತ್ತದೆ?

ಬೆಲ್ಟು ತುಂಡಾದ ಕ್ಷಣ ಕ್ಯಾಮ್ ಶಾಫ್ಟ್ ನಿಂತುಬಿಡುತ್ತದೆ. ಆದರೆ ಓಡುತ್ತಿರುವ ಗಾಡಿಯ ಚಕ್ರಗಳು ಕ್ರ್ಯಾಂಕ್ ಶಾಫ್ಟನ್ನು ಇನ್ನೂ ತಿರುಗಿಸುತ್ತಲೇ ಇರುತ್ತವೆ. ಪಿಸ್ಟನ್ನುಗಳು ಮೇಲೆ ಕೆಳಗೆ ಆಡುತ್ತಲೇ ಇರುತ್ತವೆ. ಆ ಹೊತ್ತಿಗೆ ತೆರೆದುಕೊಂಡಿದ್ದ ವಾಲ್ವು ತೆರೆದೇ ಉಳಿಯುತ್ತದೆ. ಮೇಲೇರಿ ಬಂದ ಪಿಸ್ಟನ್ ಅದಕ್ಕೆ ಬಡಿಯುತ್ತದೆಯೇ?

ಇದನ್ನು ಲೆಕ್ಕದಿಂದಲೇ ನೋಡೋಣ. ಒಂದು ಡೀಸೆಲ್ ಎಂಜಿನ್ನಿನಲ್ಲಿ ಪಿಸ್ಟನ್ 80 ಮಿಲಿಮೀಟರ್ ಮೇಲೆ ಕೆಳಗೆ ಚಲಿಸುತ್ತದೆ, ಗಾಳಿಯನ್ನು ಅದು ಇಪ್ಪತ್ತರಲ್ಲಿ ಒಂದು ಪಾಲಿಗೆ ಒತ್ತುತ್ತದೆ ಎಂದುಕೊಳ್ಳಿ. ಆಗ ಪಿಸ್ಟನ್ ತುದಿ ಮುಟ್ಟಿದಾಗ ಮೇಲೆ ಉಳಿಯುವ ಜಾಗ 80 ಭಾಗಿಸು 19, ಅಂದರೆ ಸರಾಸರಿ 4.2 ಮಿಲಿಮೀಟರ್ ಎತ್ತರದ್ದು. ಪೂರ್ತಿ ತೆರೆದ ವಾಲ್ವು 8 ಮಿಲಿಮೀಟರ್ ಕೆಳಗಿಳಿದಿದ್ದರೆ? 8ನ್ನು 4.2ರಲ್ಲಿ ಕೂಡಿಸಲು ಸಾಧ್ಯವಿಲ್ಲ. ವಾಲ್ವು ಬಾಗುತ್ತದೆ, ಪಿಸ್ಟನ್ನಿಗೂ ಪೆಟ್ಟು ಬೀಳಬಹುದು. ಡೀಸೆಲ್ ಎಂಜಿನ್ನುಗಳಲ್ಲಿ ಒತ್ತಡದ ಪ್ರಮಾಣ ಹೆಚ್ಚು, ಜಾಗ ಕಡಿಮೆ. ಆದ್ದರಿಂದ ಅಲ್ಲಿ ಈ ಅಪಾಯ ಖಚಿತವೆಂದೇ ಭಾವಿಸಬೇಕು. ಪೆಟ್ರೋಲ್ ಎಂಜಿನ್ನುಗಳಲ್ಲಿ ಕೆಲವಕ್ಕೆ ಮಾತ್ರ ಬಡಿಯದಷ್ಟು ಜಾಗವಿರುತ್ತದೆ.

ಇಷ್ಟೇ ಅಲ್ಲ. ಎಂಜಿನ್ನು ಹಠಾತ್ತನೆ ನಿಂತಾಗ ಬ್ರೇಕಿಗೂ ಸ್ಟೇರಿಂಗಿಗೂ ಎಂಜಿನ್ನಿನಿಂದ ಸಿಗುತ್ತಿದ್ದ ನೆರವು ನಿಲ್ಲುತ್ತದೆ. ಒಂದೆರಡು ಸಲ ತುಳಿದ ಮೇಲೆ ಬ್ರೇಕ್ ಪೆಡಲು ಬಿಗಿಯಾಗುತ್ತದೆ, ಸ್ಟೇರಿಂಗು ಭಾರವಾಗುತ್ತದೆ. ಸೊಲ್ಲಾಪುರದಿಂದ ವಿಜಯಪುರದ ಮೂಲಕ ಹುಬ್ಬಳ್ಳಿಗೆ ಹೋಗುವ 52ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ, ಹಿಂದೆ ಲಾರಿ ಬರುತ್ತಿರುವಾಗ, ರಾತ್ರಿ ಹೀಗಾದರೆ ಪ್ರಾಣಕ್ಕೇ ಅಪಾಯ.

ಇಂಥ ಸಮಯದಲ್ಲಿ ಮಾಡಬಾರದ ಕೆಲಸ ಒಂದಿದೆ. ಎಂಜಿನ್ನು ನಿಂತ ಕೂಡಲೇ ಕೀಲಿ ತಿರುಗಿಸಿ ತಿರುಗಿಸಿ ನೋಡುವುದು, ನಾಲ್ಕು ಜನ ಸೇರಿ ಗಾಡಿ ದೂಡಿ ಸ್ಟಾರ್ಟ್ ಮಾಡುವುದು ನಮ್ಮಲ್ಲಿ ರೂಢಿ. ಬೆಲ್ಟು ತುಂಡಾಗಿದ್ದರೆ ಪ್ರತಿಯೊಂದು ತಿರುವೂ ಉಳಿದ ವಾಲ್ವುಗಳನ್ನು ಬಾಗಿಸುತ್ತದೆ. ಓಡುತ್ತಿದ್ದ ಎಂಜಿನ್ನು ಸದ್ದಿಲ್ಲದೆ ನಿಂತು, ಮತ್ತೆ ಕೀಲಿ ತಿರುಗಿಸಿದಾಗ ಎಂದಿಗಿಂತ ಹಗುರವಾಗಿ ತಿರುಗಿದಂತೆ ಕೇಳಿಸಿದರೆ ಅಲ್ಲಿಗೇ ಬಿಟ್ಟು, ಗಾಡಿಯನ್ನು ನ್ಯೂಟ್ರಲ್ಲಿನಲ್ಲಿಟ್ಟು ಗ್ಯಾರೇಜಿಗೆ ಎಳೆಸಿಕೊಂಡು ಹೋಗಬೇಕು.

ಕಿಲೋಮೀಟರೋ, ವರ್ಷವೋ?

"ಗಾಡಿ ಛಲೋ ಓಡಾಕತ್ತೈತಲ್ರಿ, ಬೆಲ್ಟ್ ಯಾಕ ಬದಲ್ ಮಾಡಬೇಕು?" ಎಂದು ಗ್ಯಾರೇಜುಗಳಲ್ಲಿ ಕೇಳುವವರುಂಟು. ಈ ಪ್ರಶ್ನೆ ಸಹಜವಾದದ್ದೇ. ಬ್ರೇಕು ಸವೆದರೆ ಕಿರುಗುಟ್ಟುತ್ತದೆ, ಟಯರು ಸವೆದರೆ ಕಣ್ಣಿಗೆ ಕಾಣುತ್ತದೆ. ಟೈಮಿಂಗ್ ಬೆಲ್ಟು ಸಾಮಾನ್ಯವಾಗಿ ಯಾವ ಮುನ್ಸೂಚನೆಯನ್ನೂ ಕೊಡುವುದಿಲ್ಲ. ಹೊರಗಿನ ರಬ್ಬರು ಚೆನ್ನಾಗಿಯೇ ಕಾಣುತ್ತಿರುವಾಗ ಒಳಗಿನ ಗಾಜಿನ ನಾರು ದಣಿದಿರಬಹುದು. ಆದ್ದರಿಂದ ಇದನ್ನು ಕೆಟ್ಟ ಮೇಲೆ ಬದಲಿಸುವುದಲ್ಲ, ಅವಧಿ ಮುಗಿದ ಮೇಲೆ ಬದಲಿಸುವುದು.

ಎಷ್ಟು ಅವಧಿ? ಅದು ಎಂಜಿನ್ನಿನಿಂದ ಎಂಜಿನ್ನಿಗೆ ಬೇರೆ. ಕಾರಿನ ಜೊತೆ ಬಂದ ಕೈಪಿಡಿಯಲ್ಲಿ ಕಿಲೋಮೀಟರ್ ಲೆಕ್ಕವನ್ನೂ ವರ್ಷದ ಲೆಕ್ಕವನ್ನೂ ಕೊಟ್ಟು 'ಯಾವುದು ಮೊದಲೋ ಅದು' ಎಂದು ಹೇಳಿರುವುದುಂಟು. ಉದಾಹರಣೆಗೆ ಒಂದು ಕಾರಿಗೆ 60,000 ಕಿಲೋಮೀಟರ್ ಅಥವಾ 5 ವರ್ಷ ಎಂದಿದೆ ಎನ್ನೋಣ.

ತಿಕೋಟಾ, ವಿಜಯಪುರ, ಬಬಲೇಶ್ವರಗಳ ನಡುವೆ ದಿನಕ್ಕೆ 120 ಕಿಲೋಮೀಟರಿನಂತೆ ವರ್ಷಕ್ಕೆ 300 ದಿನ ಓಡುವ ಬಾಡಿಗೆ ಕಾರು ವರ್ಷದಲ್ಲಿ 36,000 ಕಿಲೋಮೀಟರ್ ಓಡುತ್ತದೆ. ಅದಕ್ಕೆ 20 ತಿಂಗಳಲ್ಲೇ ಬೆಲ್ಟಿನ ಅವಧಿ ಮುಗಿಯುತ್ತದೆ. ತೋಟಕ್ಕೂ ಮನೆಗೂ ದಿನಕ್ಕೆ 10 ಕಿಲೋಮೀಟರ್ ಓಡುವ ಕಾರು ವರ್ಷಕ್ಕೆ 3,000 ಮಾತ್ರ ಓಡುತ್ತದೆ. ಕಿಲೋಮೀಟರನ್ನೇ ನಂಬಿದರೆ ಅದರ ಬೆಲ್ಟು 20 ವರ್ಷ ಬಾಳಬೇಕು! ಆದರೆ ರಬ್ಬರು ಕಿಲೋಮೀಟರ್ ಎಣಿಸುವುದಿಲ್ಲ. ಶಾಖ ಮತ್ತು ಗಾಳಿಯಲ್ಲಿ ತನ್ನಷ್ಟಕ್ಕೆ ತಾನು ಗಡಸಾಗುತ್ತ ಹೋಗುತ್ತದೆ. ಮೀಟರು 15,000 ಮಾತ್ರ ತೋರಿಸುತ್ತಿದ್ದರೂ ಐದನೆಯ ವರ್ಷಕ್ಕೆ ಅದರ ಅವಧಿ ಮುಗಿದಂತೆಯೇ ಸರಿ. ಹಳ್ಳಿಯ ಕಡೆ ಮೋಸ ಹೋಗುವವರು ಹೆಚ್ಚಾಗಿ ಈ ಎರಡನೆಯ ಗುಂಪಿನವರು.

ಮೂರನೆಯ ಲೆಕ್ಕವೂ ಒಂದಿದೆ. ಏಪ್ರಿಲ್-ಮೇ ತಿಂಗಳಲ್ಲಿ ವಿಜಯಪುರದ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಮದುವೆ ಮಂಟಪದ ಮುಂದೆ ಏ.ಸಿ. ಹಾಕಿಕೊಂಡು ಗಂಟೆಗಟ್ಟಲೆ ನಿಂತ ಕಾರಿನ ಮೀಟರು ಮುಂದೆ ಹೋಗುವುದಿಲ್ಲ, ಆದರೆ ಬೆಲ್ಟು ಸುತ್ತುತ್ತಲೇ ಇರುತ್ತದೆ, ಬಾನೆಟ್ಟಿನ ಕೆಳಗೆ ಕಾಯುತ್ತಲೂ ಇರುತ್ತದೆ. ಇದಕ್ಕೆ ಎರೆಭೂಮಿಯ ಧೂಳನ್ನು ಸೇರಿಸಿ. ಬೆಲ್ಟಿನ ಮುಚ್ಚಳ ಒಡೆದಿದ್ದರೆ, ಅಥವಾ ಹಿಂದಿನ ದುರಸ್ತಿಯಲ್ಲಿ ಅದರ ಬೋಲ್ಟು ಹಾಕದೆ ಬಿಟ್ಟಿದ್ದರೆ, ತೋಟದ ದಾರಿಯ ಸಣ್ಣ ಹರಳುಗಳು ಹಲ್ಲಿನ ಸಂದಿಗೆ ಸೇರಿ ಬಟ್ಟೆಯನ್ನು ಹರಿಯುತ್ತವೆ. ಇಂಥ ಕಡೆ ಓಡುವ ಕಾರಿಗೆ ಕೈಪಿಡಿಯಲ್ಲಿ 'ಕಠಿಣ ಬಳಕೆ' ಎಂಬ ಬೇರೆ ಅವಧಿ ಕೊಟ್ಟಿದ್ದರೆ ಅದನ್ನೇ ಅನುಸರಿಸುವುದು ಕ್ಷೇಮ.

ಅವಧಿಯೊಳಗೆ ಬೆಲ್ಟು ಪಡುವ ಶ್ರಮವನ್ನು ಅಳೆಯಬಹುದು. ಸರಾಸರಿ ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ 60,000 ಕಿಲೋಮೀಟರ್ ಓಡಲು 1,200 ಗಂಟೆ, ಅಂದರೆ 72,000 ನಿಮಿಷ ಬೇಕು. ನಿಮಿಷಕ್ಕೆ 2,000 ಸುತ್ತಿನಂತೆ ಕ್ರ್ಯಾಂಕ್ ಶಾಫ್ಟ್ 14 ಕೋಟಿ 40 ಲಕ್ಷ ಸುತ್ತು ತಿರುಗಿರುತ್ತದೆ. ಅದರ ಚಕ್ರಕ್ಕೆ 20 ಹಲ್ಲು, ಬೆಲ್ಟಿಗೆ 100 ಹಲ್ಲು ಇದ್ದರೆ ಐದು ಸುತ್ತಿಗೆ ಬೆಲ್ಟು ಒಂದು ಪ್ರದಕ್ಷಿಣೆ ಮುಗಿಸುತ್ತದೆ. ಎಂದರೆ ಒಂದೊಂದು ಹಲ್ಲೂ ಆ ಚಕ್ರವನ್ನು 2 ಕೋಟಿ 88 ಲಕ್ಷ ಸಲ ಕಚ್ಚಿ ಬಿಟ್ಟಿರುತ್ತದೆ. ಇಷ್ಟು ದುಡಿದ ಪಟ್ಟಿಯಿಂದ 'ಇನ್ನೊಂದು ವರ್ಷ' ಎಂದು ನಿರೀಕ್ಷಿಸುವುದು ಸರಿಯೇ?

ಬದಲಿ ಬೆಲ್ಟಿನ ಆಯ್ಕೆ

ಈಗ ಮುಖ್ಯ ವಿಷಯಕ್ಕೆ ಬರೋಣ. ಅಂಗಡಿಯಲ್ಲಿ ಹಳೆಯ ಬೆಲ್ಟನ್ನು ಎತ್ತಿ ತೋರಿಸಿ "ಇದರಷ್ಟ ಉದ್ದಂದು, ಇದರಷ್ಟ ಅಗಲಂದು ಕೊಡ್ರಿ" ಎಂದು ಕೇಳಿದರೆ ಸಾಲದು. ಈ ಕೆಳಗಿನ ಆರು ಹೆಜ್ಜೆಗಳನ್ನು ಕ್ರಮವಾಗಿ ಅನುಸರಿಸಬೇಕು.

1. ಕಾರಿನ ಹೆಸರಲ್ಲ, ಎಂಜಿನ್ನಿನ ಗುರುತು. ಒಂದೇ ಹೆಸರಿನ ಕಾರಿಗೆ ಬೇರೆ ಬೇರೆ ಎಂಜಿನ್ನುಗಳಿರುತ್ತವೆ. ಒಳ್ಳೆಯ ಉದಾಹರಣೆ ಟಾಟಾ ಇಂಡಿಕಾ. 1998ರ ಡಿಸೆಂಬರಿನಲ್ಲಿ ಬಂದ ಇಂಡಿಕಾದ 1.4 ಲೀಟರ್ ಡೀಸೆಲ್ ಎಂಜಿನ್ನಿನಲ್ಲಿ ಟೈಮಿಂಗ್ ಬೆಲ್ಟಿತ್ತು. 2008ರಲ್ಲಿ ಇಂಡಿಕಾ ವಿಸ್ಟಾ ಬಂದಾಗ ಅದೇ 1.4 ಲೀಟರಿನ ಡೀಸೆಲ್ ಕಾರೂ ಇತ್ತು, ಫಿಯೆಟ್ ತಂತ್ರಜ್ಞಾನದ 1.3 ಲೀಟರಿನ ಡೀಸೆಲ್ ಕಾರೂ ಇತ್ತು. ಈ ಎರಡನೆಯದರಲ್ಲಿ ಇದ್ದದ್ದು ಬೆಲ್ಟಲ್ಲ, ಸರಪಳಿ! ಆದ್ದರಿಂದ 'ವಿಸ್ಟಾ ಡೀಸೆಲ್ಲಿಗೆ ಬೆಲ್ಟ್ ಕೊಡಿ' ಎಂಬ ಮಾತಿಗೆ ಅರ್ಥವಿಲ್ಲ. ನೋಂದಣಿ ಪತ್ರದಲ್ಲಿ, ಅಂದರೆ ಆರ್.ಸಿ.ಯಲ್ಲಿ, ಎಂಜಿನ್ ಸಂಖ್ಯೆ, ಚಾಸಿ ಸಂಖ್ಯೆ, ತಯಾರಾದ ತಿಂಗಳು ಮತ್ತು ವರ್ಷ ಇರುತ್ತವೆ. ಅದರ ಪ್ರತಿಯನ್ನು ಅಂಗಡಿಗೆ ಒಯ್ಯಿರಿ.

2. ಬಿಡಿಭಾಗದ ಸಂಖ್ಯೆ. ಕಾರು ತಯಾರಕರು ಪ್ರತಿ ಬಿಡಿಭಾಗಕ್ಕೂ ಒಂದು ಸಂಖ್ಯೆ ಕೊಟ್ಟಿರುತ್ತಾರೆ. ಬೇರೆ ಕಂಪನಿಯ ಬೆಲ್ಟು ಕೊಳ್ಳುವುದಾದರೂ ಆ ಕಂಪನಿಯ ಪಟ್ಟಿಯಲ್ಲಿ ಈ ಸಂಖ್ಯೆಗೆ ಸಮನಾದುದು ಯಾವುದೆಂದು ನೋಡಿ ಕೊಳ್ಳಬೇಕು. ಹಳೆಯ ಬೆಲ್ಟಿನ ಬೆನ್ನಿನ ಮೇಲಿನ ಸಂಖ್ಯೆಯನ್ನು ಹೋಲಿಕೆಗೆ ಬಳಸಬಹುದು, ಆದರೆ ಪ್ರಮಾಣವೆಂದು ನಂಬಬಾರದು. ಹಿಂದಿನ ಮಾಲೀಕ ಹಾಕಿಸಿದ್ದೇ ತಪ್ಪು ಬೆಲ್ಟಾಗಿದ್ದರೆ ಆ ತಪ್ಪು ಮುಂದುವರಿಯುತ್ತದೆ.

3. ಹಲ್ಲಿನ ಸಂಖ್ಯೆ, ಅಂತರ, ಅಗಲ, ಆಕಾರ. ಒಂದು ಹಲ್ಲಿನ ನಡುವಿನಿಂದ ಮುಂದಿನ ಹಲ್ಲಿನ ನಡುವಿಗೆ ಇರುವ ದೂರಕ್ಕೆ 'ಪಿಚ್' ಎನ್ನುತ್ತಾರೆ. ಕಾರಿನ ಬೆಲ್ಟುಗಳಲ್ಲಿ 9.525 ಮಿಲಿಮೀಟರ್ ಮತ್ತು 8 ಮಿಲಿಮೀಟರ್ ಪಿಚ್‌ಗಳು ಸಾಮಾನ್ಯ. ಬೆಲ್ಟಿನ ಉದ್ದ ಎಂದರೆ ಹಲ್ಲಿನ ಸಂಖ್ಯೆ ಮತ್ತು ಪಿಚ್‌ಗಳ ಗುಣಲಬ್ಧ. ಈಗ ಒಂದು ಸ್ವಾರಸ್ಯ ನೋಡಿ. 9.525ರ ಪಿಚ್ಚಿನ 100 ಹಲ್ಲಿನ ಬೆಲ್ಟಿನ ಉದ್ದ 952.5 ಮಿಲಿಮೀಟರ್. 8ರ ಪಿಚ್ಚಿನ 119 ಹಲ್ಲಿನ ಬೆಲ್ಟಿನ ಉದ್ದ 952 ಮಿಲಿಮೀಟರ್. ದಾರ ಹಿಡಿದು ಅಳೆದರೆ ಎರಡೂ ಒಂದೇ! ಆದರೆ ಒಂದರ ಚಕ್ರದ ಮೇಲೆ ಇನ್ನೊಂದು ಕೂಡುವುದೇ ಇಲ್ಲ. ಉದ್ದ ನೋಡಿ ಕೊಳ್ಳಬಾರದು, ಹಲ್ಲು ಎಣಿಸಿ ಕೊಳ್ಳಬೇಕು ಎನ್ನುವುದು ಇದಕ್ಕೇ.

ಪಿಚ್ ಒಂದೇ ಇದ್ದು ಒಂದು ಹಲ್ಲು ಹೆಚ್ಚಿರುವ ಬೆಲ್ಟು ಇನ್ನೂ ಅಪಾಯಕಾರಿ. ಬೆಲ್ಟನ್ನು ಬಿಗಿ ಹಿಡಿಯುವ ಟೆನ್ಶನರ್ ಆ ಸಡಿಲವನ್ನು ಎಳೆದುಕೊಂಡು, ಎಲ್ಲ ಸರಿಯಾಗಿದೆ ಎಂಬ ಭ್ರಮೆ ಹುಟ್ಟಿಸಬಹುದು. ಹಲ್ಲಿನ ಆಕಾರವನ್ನೂ ಗಮನಿಸಿ. ಕೆಲವು ಬೆಲ್ಟುಗಳ ಹಲ್ಲು ತುದಿ ಚಪ್ಪಟೆಯಾದ ತ್ರಾಪಿಜ್ಯದ ಆಕಾರದ್ದು, ಕೆಲವುಗಳದು ದುಂಡು. ದುಂಡು ಹಲ್ಲಿನ ಚಕ್ರಕ್ಕೆ ಚಪ್ಪಟೆ ಹಲ್ಲಿನ ಬೆಲ್ಟು ಹಾಕಿದರೆ ಹಲ್ಲಿನ ಬುಡ ಬೇಗ ಹರಿಯುತ್ತದೆ. ಅನೇಕ ಬೆಲ್ಟುಗಳ ಮೇಲೆ ಒಂದು ಸಂಖ್ಯೆ, ನಡುವೆ ಒಂದೆರಡು ಇಂಗ್ಲಿಷ್ ಅಕ್ಷರ, ಮತ್ತೊಂದು ಸಂಖ್ಯೆ ಅಚ್ಚಾಗಿರುತ್ತವೆ. ಮೊದಲನೆಯದು ಹಲ್ಲುಗಳ ಸಂಖ್ಯೆ, ಅಕ್ಷರಗಳು ಹಲ್ಲಿನ ಬಗೆ, ಕೊನೆಯದು ಮಿಲಿಮೀಟರಿನಲ್ಲಿ ಅಗಲ.

4. ರಬ್ಬರಿನ ಜಾತಿ. ಹಳೆಯ ಕಾಲದ ಬೆಲ್ಟುಗಳಲ್ಲಿ ಕ್ಲೋರೋಪ್ರೀನ್ ಎಂಬ ರಬ್ಬರು ಇತ್ತು. ಅನಂತರ ಶಾಖವನ್ನೂ ಎಣ್ಣೆಯನ್ನೂ ಹೆಚ್ಚು ತಾಳುವ, ಹೈಡ್ರೋಜನ್ ಸೇರಿಸಿ ಬಲಪಡಿಸಿದ ನೈಟ್ರೈಲ್ ರಬ್ಬರು ಬಂದಿತು. ಎಚ್.ಎನ್.ಬಿ.ಆರ್. ಎಂಬುದು ಅದರ ಸಂಕ್ಷಿಪ್ತ ಹೆಸರು. ಎರಡನೆಯದನ್ನೇ ಹಾಕಬೇಕೆಂದು ಗೊತ್ತುಮಾಡಿದ ಎಂಜಿನ್ನಿಗೆ ಅಗ್ಗವೆಂದು ಮೊದಲನೆಯದನ್ನು ಹಾಕಿದರೆ ಅಳತೆ ಸರಿಯಿದ್ದರೂ ಅವಧಿ ಸರಿಬರುವುದಿಲ್ಲ. ಕೆಲವು ಹೊಸ ಎಂಜಿನ್ನುಗಳಲ್ಲಿ ಬೆಲ್ಟು ಎಂಜಿನ್ ಆಯಿಲಿನಲ್ಲೇ ಮುಳುಗಿ ಓಡುತ್ತದೆ. ಫೋರ್ಡ್ ಕಂಪನಿಯ 1 ಲೀಟರಿನ ಇಕೋಬೂಸ್ಟ್ ಎಂಜಿನ್ ಇದಕ್ಕೆ ಉದಾಹರಣೆ. ಅಂಥದಕ್ಕೆ ಅದೇ ಜಾತಿಯ ಬೆಲ್ಟು, ಹೇಳಿದ ದರ್ಜೆಯ ಆಯಿಲು ಎರಡೂ ಬೇಕು. ಉಳಿದ ಬೆಲ್ಟುಗಳಿಗೆ ಮಾತ್ರ ಆಯಿಲು ಶತ್ರು. ರಬ್ಬರಿನ ಜಾತಿ ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ ಬಿಡಿಭಾಗದ ಸಂಖ್ಯೆಯೇ ಇಲ್ಲಿ ನಮಗೆ ಆಧಾರ.

5. ಬೆಲ್ಟಿನ ವಯಸ್ಸು ಮತ್ತು ಸ್ಥಿತಿ. ಪೆಟ್ಟಿಗೆಯ ಮೇಲೆ ಅಥವಾ ಬೆಲ್ಟಿನ ಮೇಲೆ ತಯಾರಾದ ದಿನಾಂಕದ ಗುರುತನ್ನು ಹುಡುಕಿ. ತಗಡಿನ ಮಾಳಿಗೆಯ ಕೆಳಗೆ ಹಲವು ಬೇಸಿಗೆ ಕಳೆದ 'ಹೊಸ' ಬೆಲ್ಟು ನಿಜಕ್ಕೂ ಹೊಸದಲ್ಲ. ಮೊಳೆಗೆ ನೇತುಹಾಕಿದ್ದನ್ನು, ಮಡಚಿ ರಬ್ಬರ್ ಬ್ಯಾಂಡು ಸುತ್ತಿದ್ದನ್ನು, ಒಳಮೈ ಹೊರಗಾಗಿಸಿ ತಿರುಚಿ ತೋರಿಸಿದ್ದನ್ನು ಕೊಳ್ಳಬಾರದು. ಗಾಜಿನ ನಾರು ಮಡಚಿದರೆ ಮುರಿಯುತ್ತದೆ ಎಂದು ಆಗಲೇ ನೋಡಿದೆವಲ್ಲ. ಆ ಮುರಿತ ಹೊರಗೆ ಕಾಣುವುದಿಲ್ಲ.

ನಕಲಿ ಬೆಲ್ಟಿನ ಬಗ್ಗೆಯೂ ಎಚ್ಚರ ಬೇಕು. ಹೆಸರಿನ ಕಾಗುಣಿತ ತಪ್ಪಾಗಿರುವುದು, ಬೆರಳಿನಿಂದ ಉಜ್ಜಿದರೆ ಅಕ್ಷರ ಅಳಿಸುವುದು, ಹಲ್ಲುಗಳು ಒಂದೇ ಸಮನಾಗಿಲ್ಲದಿರುವುದು, ಪೆಟ್ಟಿಗೆಯ ಸಂಖ್ಯೆಗೂ ಬೆಲ್ಟಿನ ಸಂಖ್ಯೆಗೂ ಹೊಂದದಿರುವುದು ಇದರ ಲಕ್ಷಣಗಳು. ಬಿಡಿಭಾಗದ ಸಂಖ್ಯೆಯನ್ನು ಬರೆಸಿ ಬಿಲ್ಲನ್ನು ಕೇಳಿ ಪಡೆಯಿರಿ. ಮುಂದೆ ತೊಂದರೆಯಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಜಿಲ್ಲಾ ಗ್ರಾಹಕ ಆಯೋಗದ ಮುಂದೆ ದೂರು ಕೊಡಲು ಆ ಬಿಲ್ಲೇ ಸಾಕ್ಷಿ.

6. ಒಂಟಿ ಬೆಲ್ಟೋ, ಪೂರ್ತಿ ಕಿಟ್ಟೋ? ಬೆಲ್ಟು ಒಂಟಿಯಾಗಿ ದುಡಿಯುವುದಿಲ್ಲ. ಅದನ್ನು ಬಿಗಿ ಹಿಡಿಯುವ ಟೆನ್ಶನರ್, ದಾರಿ ತೋರಿಸುವ ಐಡ್ಲರ್ ಎಂಬ ಗಾಲಿಗಳಿಗೆ ಬೇರಿಂಗುಗಳಿವೆ. ಬೆಲ್ಟಿನಷ್ಟೇ ಕಾಲ ಅವೂ ಸುತ್ತಿವೆ. ಹಳೆಯ ಬೇರಿಂಗು ಹಿಡಿದುಕೊಂಡರೆ ಹೊಸ ಬೆಲ್ಟು ಅದರ ಮೇಲೆ ಉಜ್ಜಿ ಸುಟ್ಟುಹೋಗುತ್ತದೆ. ಆದ್ದರಿಂದ ಬೆಲ್ಟು, ಟೆನ್ಶನರ್, ಐಡ್ಲರ್ ಸೇರಿದ ಕಿಟ್ಟನ್ನೇ ಕೊಳ್ಳುವುದು ಜಾಣತನ. ನೀರಿನ ಪಂಪನ್ನು ಇದೇ ಬೆಲ್ಟು ತಿರುಗಿಸುತ್ತಿದ್ದರೆ ಅದನ್ನೂ, ಕ್ರ್ಯಾಂಕ್ ಮತ್ತು ಕ್ಯಾಮ್ ಶಾಫ್ಟುಗಳ ಆಯಿಲ್ ಸೀಲುಗಳನ್ನೂ ಪರೀಕ್ಷಿಸಿ, ಸೋರುತ್ತಿದ್ದರೆ ಬದಲಿಸಬೇಕು. ಬಿಚ್ಚಿ ಜೋಡಿಸುವ ಕೂಲಿ ಹೇಗೂ ಒಂದೇ. ಇಂದು ಪಂಪು ಉಳಿಸಿ ಆರು ತಿಂಗಳಿಗೆ ಅದು ಸೋರಿದರೆ ಅದೇ ಕೂಲಿಯನ್ನು ಮತ್ತೊಮ್ಮೆ ತೆರಬೇಕಾಗುತ್ತದೆ.

ಜೋಡಣೆ: ಕೈಯಿಂದ ಎರಡು ಸುತ್ತು

ಸರಿಯಾದ ಬೆಲ್ಟನ್ನು ತಪ್ಪಾಗಿ ಕೂಡಿಸಿದರೂ ಫಲವಿಲ್ಲ. ಚಕ್ರಗಳ ಮೇಲೆ ಗುರುತುಗಳಿರುತ್ತವೆ. ಅವನ್ನು ಎಂಜಿನ್ನಿನ ಮೇಲಿನ ಗುರುತುಗಳಿಗೆ ಸರಿಹೊಂದಿಸಿ ಬೆಲ್ಟನ್ನು ಹಾಕಬೇಕು. ಕ್ಯಾಮ್ ಚಕ್ರಕ್ಕೆ 40 ಹಲ್ಲುಗಳಿದ್ದು ಬೆಲ್ಟು ಒಂದೇ ಒಂದು ಹಲ್ಲು ಆಚೆ ಕೂತರೆ ತಪ್ಪು 360 ಭಾಗಿಸು 40, ಅಂದರೆ 9 ಡಿಗ್ರಿ. ಕ್ರ್ಯಾಂಕ್ ಶಾಫ್ಟಿನ ಲೆಕ್ಕದಲ್ಲಿ ಅದು 18 ಡಿಗ್ರಿ. ಎಂಜಿನ್ನು ಸ್ಟಾರ್ಟ್ ಆಗಬಹುದು, ಆದರೆ ಎಳೆಯುವ ಶಕ್ತಿ ಕುಂದುತ್ತದೆ, ಇಂಧನ ಹೆಚ್ಚು ಕುಡಿಯುತ್ತದೆ, ಹೊಗೆ ಉಗುಳುತ್ತದೆ. ಕೆಲವು ಎಂಜಿನ್ನುಗಳಲ್ಲಿ ವಾಲ್ವೂ ತಾಗಬಹುದು.

ಸ್ಕ್ರೂಡ್ರೈವರಿನಿಂದ ಮೀಟಿ ಬೆಲ್ಟನ್ನು ಏರಿಸಬಾರದು. ಅದಕ್ಕೆ ಆಯಿಲು, ಗ್ರೀಸು ಏನನ್ನೂ ಹಚ್ಚಬಾರದು. ಬಿಗಿ ಮಾಡಿದ ಮೇಲೆ ಪಾನಾ ಹಾಕಿ ಕ್ರ್ಯಾಂಕ್ ಶಾಫ್ಟನ್ನು ಅದು ಎಂದೂ ತಿರುಗುವ ದಿಕ್ಕಿನಲ್ಲೇ ಕೈಯಿಂದ ನಿಧಾನವಾಗಿ ಎರಡು ಸುತ್ತು ತಿರುಗಿಸಬೇಕು. ಎರಡೇ ಏಕೆ? ಆಗಲೇ ಕ್ಯಾಮ್ ಶಾಫ್ಟ್ ಒಂದು ಪೂರ್ತಿ ಸುತ್ತು ಮುಗಿಸಿ ಮೊದಲಿನ ಜಾಗಕ್ಕೆ ಬರುವುದು. ನಡುವೆ ಎಲ್ಲಾದರೂ ತಡೆದರೆ ಬಲವಂತ ಮಾಡದೆ ನಿಲ್ಲಿಸಿ, ಕಾರಣ ಹುಡುಕಬೇಕು. ಗುರುತುಗಳು ಮತ್ತೆ ಸರಿಹೊಂದಿದರೆ ಮಾತ್ರ ಕೀಲಿಗೆ ಕೈ ಹಾಕಬೇಕು. ಕೊನೆಯಲ್ಲಿ ಮುಚ್ಚಳವನ್ನು ಎಲ್ಲ ಬೋಲ್ಟುಗಳೊಂದಿಗೆ ಬಿಗಿದು, ದಿನಾಂಕ ಮತ್ತು ಮೀಟರಿನ ಅಂಕಿಯನ್ನು ಒಂದು ಚೀಟಿಯಲ್ಲಿ ಬರೆದು ಬಾನೆಟ್ಟಿನ ಒಳಭಾಗಕ್ಕೆ ಅಂಟಿಸಿ. ಮುಂದೆ ಆ ಕಾರನ್ನು ಕೊಳ್ಳುವವನಿಗೂ ಅದು ಉಪಕಾರ. ಅಂಥ ಚೀಟಿಯಾಗಲಿ ಬಿಲ್ಲಾಗಲಿ ಇಲ್ಲದ ಹಳೆಯ ಕಾರನ್ನು ಕೊಂಡರೆ ಅದರ ಬೆಲ್ಟಿನ ಅವಧಿ ಮುಗಿದಿದೆ ಎಂದೇ ತಿಳಿದು ಮೊದಲು ಅದನ್ನು ಬದಲಿಸಬೇಕು.

ಇಂದು ಸರಪಳಿಯುಳ್ಳ ಎಂಜಿನ್ನುಗಳೂ ಬಹಳ ಬಂದಿವೆ. ವಿದ್ಯುತ್ ಕಾರಿಗೆ ವಾಲ್ವೂ ಇಲ್ಲ, ಟೈಮಿಂಗ್ ಬೆಲ್ಟೂ ಇಲ್ಲ. ಆದರೂ ಬೆಲ್ಟಿನ ಕಾರುಗಳು ಇನ್ನೂ ಬಹುಕಾಲ ನಮ್ಮ ರಸ್ತೆಗಳಲ್ಲಿ ಓಡಲಿವೆ. ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಕಾರಿದ್ದರೆ ಮೊದಲು ಕೈಪಿಡಿಯನ್ನು ತೆರೆದು ಅದರಲ್ಲಿ ಬೆಲ್ಟಿದೆಯೇ ಸರಪಳಿಯಿದೆಯೇ ಎಂದು ನೋಡಿ. ಬೆಲ್ಟಿದ್ದರೆ ಅದನ್ನು ಕಡೆಯ ಸಲ ಎಂದು ಬದಲಿಸಿದರು ಎಂದು ಹಿರಿಯರನ್ನು ಕೇಳಿ. ಆ ಪ್ರಶ್ನೆಗೆ ಮನೆಯಲ್ಲಿ ಯಾರಿಗೂ ಉತ್ತರ ಗೊತ್ತಿಲ್ಲದಿದ್ದರೆ ಗ್ಯಾರೇಜಿಗೆ ಹೋಗುವ ಕಾಲ ಬಂದಿದೆ ಎಂದೇ ಅರ್ಥ.

ನೆನಪಿಡಬೇಕಾದ ಅಂಶಗಳು

• ಕ್ರ್ಯಾಂಕ್ ಎರಡು ಸುತ್ತು, ಕ್ಯಾಮ್ ಒಂದು ಸುತ್ತು. ಈ ಲೆಕ್ಕ ಕಾಯುವುದೇ ಟೈಮಿಂಗ್ ಬೆಲ್ಟಿನ ಕೆಲಸ.
• ಕಿಲೋಮೀಟರ್, ವರ್ಷ ಇವುಗಳಲ್ಲಿ ಯಾವುದು ಮೊದಲು ಮುಗಿಯುವುದೋ ಅದೇ ಬೆಲ್ಟಿನ ಅವಧಿ.
• ಆಯ್ಕೆಗೆ ಆಧಾರ ಎಂಜಿನ್ನಿನ ಗುರುತು ಮತ್ತು ಬಿಡಿಭಾಗದ ಸಂಖ್ಯೆ. ಉದ್ದ ಮತ್ತು ತೋರಿಕೆ ಅಲ್ಲ.
• ಮಡಚಿದ, ತಿರುಚಿದ, ಬಹಳ ಹಳೆಯ ದಿನಾಂಕದ ಬೆಲ್ಟು ಬೇಡ.
• ಬೆಲ್ಟು ತುಂಡಾದ ಅನುಮಾನವಿದ್ದರೆ ಕೀಲಿ ತಿರುಗಿಸಬೇಡಿ, ದೂಡಿ ಸ್ಟಾರ್ಟ್ ಮಾಡಬೇಡಿ.

ನೀವೇ ಲೆಕ್ಕ ಹಾಕಿ

1. ಕ್ರ್ಯಾಂಕ್ ಚಕ್ರಕ್ಕೆ 22 ಹಲ್ಲುಗಳಿದ್ದರೆ ಕ್ಯಾಮ್ ಚಕ್ರಕ್ಕೆ ಎಷ್ಟು ಹಲ್ಲುಗಳಿರಬೇಕು?
2. 8 ಮಿಲಿಮೀಟರ್ ಪಿಚ್ಚಿನ 120 ಹಲ್ಲಿನ ಬೆಲ್ಟಿನ ಉದ್ದವೆಷ್ಟು?
3. ಬೆಲ್ಟಿನ ಅವಧಿ 1,00,000 ಕಿಲೋಮೀಟರ್ ಅಥವಾ 6 ವರ್ಷ ಎಂದಿದೆ. ವರ್ಷಕ್ಕೆ 12,000 ಕಿಲೋಮೀಟರ್ ಓಡುವ ಕಾರಿನ ಬೆಲ್ಟನ್ನು ಮೀಟರು ಎಷ್ಟು ತೋರಿಸುವಾಗ ಬದಲಿಸಬೇಕು?

(ಉತ್ತರಗಳು: 1. 44 ಹಲ್ಲುಗಳು. 2. 960 ಮಿಲಿಮೀಟರ್. 3. ಆರನೆಯ ವರ್ಷದ ಕೊನೆಗೆ, 72,000 ತೋರಿಸುವಾಗ.)